ಕೊಲೆಸ್ಟ್ರಾಲ್ ತಪಾಸಣೆ ಶಿಬಿರ: ಬೆರಳು ಚುಚ್ಚುವ ಮೊದಲೂ ಆಮೇಲೂ

2025ರಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೊಂದು ಬಂದಾಗ, ಜುಲೈ ಹೊತ್ತಿಗೆ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳ್ಳಂಬೆಳಗ್ಗೆಯೇ ಸಾಲು ಹತ್ತಿತು. ಯಾವ ತೊಂದರೆಯೂ ಇಲ್ಲದವರು ಭಯಕ್ಕೆ ಬಿದ್ದು ಬಂದಿದ್ದರು. ಇಂಥ ಹೊತ್ತಿನಲ್ಲಿ ಊರಿನ ಯುವಕ ಸಂಘವೋ, ಹಾಲಿನ ಡೇರಿಯೋ, ದೇವಸ್ಥಾನದ ಸಮಿತಿಯೋ ‘ಒಂದು ಉಚಿತ ಶಿಬಿರ ಮಾಡಿಬಿಡೋಣ’ ಎಂದು ಮುಂದೆ ಬರುವುದು ಸಹಜ, ಒಳ್ಳೆಯದೂ ಹೌದು. ಶಾಮಿಯಾನ ಹಾಕಿ, ಯಂತ್ರ ತರಿಸಿ, ಇನ್ನೂರು ಜನರ ಬೆರಳು ಚುಚ್ಚಿ ಚೀಟಿ ಕೊಟ್ಟು ಕಳಿಸುತ್ತಾರೆ. ಆ ಇನ್ನೂರರಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂದ ನಲವತ್ತು ಜನ ಮೂರು ತಿಂಗಳ ನಂತರ ಎಲ್ಲಿದ್ದಾರೆ ಎಂದು ಕೇಳಿದರೆ ಬಹುತೇಕ ಶಿಬಿರಗಳ ಬಳಿ ಉತ್ತರ ಸಿಗುವುದಿಲ್ಲ. ಹೃದಯಾಘಾತ ತಪ್ಪುವುದೋ ಇಲ್ಲವೋ ತೀರ್ಮಾನವಾಗುವುದು ಆ ಉತ್ತರದಲ್ಲಿ.

ಇದು ಬರೀ ಅನಿಸಿಕೆಯಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ಸುತ್ತಮುತ್ತ 30ರಿಂದ 60 ವರ್ಷದೊಳಗಿನ 59,616 ಜನರನ್ನು ಇಟ್ಟುಕೊಂಡು ‘ಇಂಟರ್99’ ಎಂಬ ಅಧ್ಯಯನ ನಡೆಯಿತು. ಒಂದು ಗುಂಪನ್ನು ತಪಾಸಣೆಗೆ ಕರೆದು, ಅಪಾಯ ಹೆಚ್ಚಿದ್ದವರಿಗೆ ಐದು ವರ್ಷ ಊಟ, ವ್ಯಾಯಾಮ, ಧೂಮಪಾನದ ಬಗ್ಗೆ ಸಲಹೆ ಕೊಟ್ಟರು. ಇನ್ನೊಂದು ಗುಂಪನ್ನು ಅದರ ಪಾಡಿಗೆ ಬಿಟ್ಟರು. ಹತ್ತು ವರ್ಷದ ನಂತರ ಎರಡೂ ಗುಂಪುಗಳಲ್ಲಿ ಹೃದ್ರೋಗ, ಪಾರ್ಶ್ವವಾಯು, ಸಾವು ಮೂರೂ ಸರಿಸುಮಾರು ಒಂದೇ ಪ್ರಮಾಣದಲ್ಲಿದ್ದವು. ಆ ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಕೊಲಂಬಿಯಾ ಮತ್ತು ಮಲೇಷ್ಯಾದ 30 ಊರು-ಬಡಾವಣೆಗಳಲ್ಲಿ ರಕ್ತದೊತ್ತಡ ಇದ್ದ 1,371 ಜನರ ಮೇಲೆ ನಡೆದ ‘ಹೋಪ್-4’ ಅಧ್ಯಯನದ ಕಥೆ ಬೇರೆ. ಇದು ಪ್ರಕಟವಾದದ್ದು 2019ರಲ್ಲಿ. ಅಲ್ಲಿ ವೈದ್ಯರಲ್ಲದ ಆರೋಗ್ಯ ಕಾರ್ಯಕರ್ತರೇ ತಪಾಸಣೆ ಮಾಡಿದರು. ವೈದ್ಯರ ಮೇಲ್ವಿಚಾರಣೆಯಲ್ಲಿ ಬಿಪಿ ಮಾತ್ರೆಯನ್ನೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೂ ಉಚಿತವಾಗಿ ಕೊಟ್ಟರು. ಪ್ರತಿಯೊಬ್ಬರಿಗೂ ಮನೆಯವರನ್ನೋ ಗೆಳೆಯರನ್ನೋ ‘ಮಾತ್ರೆ ತಗೊಂಡ್ಯಾ’ ಎಂದು ಕೇಳುವ ಜೊತೆಗಾರರನ್ನಾಗಿ ನೇಮಿಸಿದರು. ಒಂದು ವರ್ಷದಲ್ಲಿ ‘ಕೆಟ್ಟ’ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಈ ಏರ್ಪಾಡು ಸಿಗದ ಉಳಿದವರಿಗಿಂತ ಸುಮಾರು 16 ಮಿಲಿಗ್ರಾಂ ಹೆಚ್ಚು ಇಳಿಯಿತು, ಬಿಪಿಯೂ ಚೆನ್ನಾಗಿ ಹತೋಟಿಗೆ ಬಂತು. ಅವರು ಅಳೆದದ್ದು ಒಂದು ವರ್ಷ ಕಳೆದ ಮೇಲಿನ ಅಪಾಯದ ಲೆಕ್ಕವನ್ನು, ಸಾವನ್ನಲ್ಲ ಎಂಬುದೂ ನೆನಪಿರಲಿ. ಆದರೂ ದಾರಿ ಸ್ಪಷ್ಟವಾಗಿದೆ. ತಪಾಸಣೆಯ ಬೆನ್ನಿಗೇ ಮಾತ್ರೆ, ಮರುಭೇಟಿ, ವಿಚಾರಿಸುವ ಜನ ಇರಬೇಕು. ಹಾಗಾಗಿ ಶಿಬಿರದ ತಯಾರಿ ಶಾಮಿಯಾನದಿಂದ ಶುರುವಾಗಬಾರದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯನ್ನು ಕಂಡು, ‘ಇಂಥ ವಾರದಲ್ಲಿ ಮೂವತ್ತು-ನಲವತ್ತು ಜನರನ್ನು ಕಳಿಸುತ್ತೇವೆ, ಅಟೊರ್ವಾಸ್ಟ್ಯಾಟಿನ್ ಮಾತ್ರೆ ದಾಸ್ತಾನಿದೆಯೇ, ಯಾವ ದಿನ ನೋಡುತ್ತೀರಿ’ ಎಂದು ಕೇಳಿ ದಿನ ಗೊತ್ತು ಮಾಡಿಕೊಳ್ಳುವುದು ಮೊದಲ ಕೆಲಸ. ಅದಾಗದಿದ್ದರೆ ಶಿಬಿರದ ತಾರೀಕನ್ನೇ ಮುಂದೂಡಬೇಕು.

ನಾಲ್ಕು ಸಂಖ್ಯೆ, ಒಂದು ಕಳೆಯುವ ಲೆಕ್ಕ

ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆಯ ಚೀಟಿಯಲ್ಲಿ ಒಟ್ಟು ಕೊಲೆಸ್ಟ್ರಾಲ್, ‘ಒಳ್ಳೆಯ’ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್, ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್, ಎಲ್‌ಡಿಎಲ್ ಎಂಬ ನಾಲ್ಕು ಸಂಖ್ಯೆಗಳಿರುತ್ತವೆ. ಎಲ್ಲವೂ ಒಂದು ಡೆಸಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಎಂಬ ಅಳತೆ. ವಿದೇಶದಲ್ಲಿರುವ ಮಗನೋ ಮಗಳೋ ಕಳಿಸಿದ ವರದಿಯಲ್ಲಿ 5.2, 3.4 ಎಂಬಂಥ ಸಣ್ಣ ಸಂಖ್ಯೆಗಳಿದ್ದರೆ ಗಾಬರಿ ಬೇಡ, ಅದು ಮಿಲಿಮೋಲ್ ಲೆಕ್ಕ. ಕೊಲೆಸ್ಟ್ರಾಲ್ ಸಂಖ್ಯೆಯನ್ನು 38.67ರಿಂದಲೂ ಟ್ರೈಗ್ಲಿಸರೈಡನ್ನು 88.57ರಿಂದಲೂ ಗುಣಿಸಿದರೆ ನಮ್ಮ ಲೆಕ್ಕ ಬರುತ್ತದೆ.

ರಕ್ತನಾಳದ ಗೋಡೆಯೊಳಗೆ ಸೇರಿ ಗಂಟು ಕಟ್ಟುವುದು ಮುಖ್ಯವಾಗಿ ಎಲ್‌ಡಿಎಲ್. ಹೆಚ್ಚಿನ ಕಡೆ ಇದನ್ನು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕಿ ಬರೆಯುತ್ತಾರೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಬೇಕು. ಫ್ರೀಡ್‌ವಾಲ್ಡ್ 1972ರಲ್ಲಿ ಕೊಟ್ಟ ಈ ಸೂತ್ರ ಟ್ರೈಗ್ಲಿಸರೈಡ್ 400 ದಾಟಿದರೆ ಕೆಲಸಕ್ಕೆ ಬಾರದು. ಶಿಬಿರದ ಯಂತ್ರ ಎಲ್‌ಡಿಎಲ್ ಜಾಗದಲ್ಲಿ ಸಂಖ್ಯೆ ಬದಲು ಗೆರೆ ತೋರಿಸಿದರೆ ಬಹಳ ಸಲ ಕಾರಣ ಇದೇ. ಅದನ್ನು ‘ಯಂತ್ರ ಕೆಟ್ಟಿದೆ’ ಎಂದು ಬದಿಗಿಡಬೇಡಿ. ಟ್ರೈಗ್ಲಿಸರೈಡ್ ವಿಪರೀತ ಇದೆ ಎಂಬ ಸುಳಿವು ಅದು.

ಶಿಬಿರಕ್ಕೆ ಇನ್ನೂ ಒಳ್ಳೆಯ ಲೆಕ್ಕವೊಂದಿದೆ. ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದರೆ ಉಳಿಯುವುದು ನಾನ್-ಎಚ್‌ಡಿಎಲ್. ರಕ್ತನಾಳಕ್ಕೆ ಹಾನಿ ಮಾಡುವ ಕೊಲೆಸ್ಟ್ರಾಲ್ ಕಣಗಳೆಲ್ಲ ಇದರಲ್ಲಿ ಸೇರುತ್ತವೆ, ಊಟ ಮಾಡಿ ಬಂದರೂ ಇದು ಹೆಚ್ಚು ಏರುಪೇರಾಗುವುದಿಲ್ಲ. ಭಾರತೀಯರಿಗೆ ಇದು ಯಾಕೆ ಮುಖ್ಯ ಎಂಬುದನ್ನು ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯವರದು ಒಟ್ಟು 195, ಎಚ್‌ಡಿಎಲ್ 32, ಟ್ರೈಗ್ಲಿಸರೈಡ್ 240. ಎರಡನೆಯವರದು ಒಟ್ಟು 215, ಎಚ್‌ಡಿಎಲ್ 70, ಟ್ರೈಗ್ಲಿಸರೈಡ್ 80. ಒಟ್ಟು ಸಂಖ್ಯೆ ಮಾತ್ರ ನೋಡುವ ಶಿಬಿರದಲ್ಲಿ ಮೊದಲನೆಯವರಿಗೆ ‘ಇನ್ನೂರರ ಒಳಗಿದೆ, ನಾರ್ಮಲ್’ ಎಂದು ಹೇಳಿ ಕಳಿಸುತ್ತಾರೆ, ಎರಡನೆಯವರಿಗೆ ಎಚ್ಚರಿಕೆ ಕೊಡುತ್ತಾರೆ. ಕಳೆದು ನೋಡಿದರೆ ಮೊದಲನೆಯವರ ನಾನ್-ಎಚ್‌ಡಿಎಲ್ 163, ಎರಡನೆಯವರದು 145. ಸಾಮಾನ್ಯ ಗುರಿಯಾದ 130ನ್ನು ಇಬ್ಬರೂ ದಾಟಿದ್ದಾರೆ, ಹೆಚ್ಚು ದಾಟಿದವರು ಮಾತ್ರ ‘ನಾರ್ಮಲ್’ ಅನ್ನಿಸಿಕೊಂಡವರು. ನಮ್ಮಲ್ಲಿ ಕಾಣುವ ತೊಂದರೆ ಹೆಚ್ಚಾಗಿ ಈ ಮೊದಲನೆಯ ಬಗೆಯದು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಸಮೀಕ್ಷೆಯಲ್ಲಿ ಒಟ್ಟು ಕೊಲೆಸ್ಟ್ರಾಲ್ ಹೆಚ್ಚಿದ್ದವರು ಶೇ 24ರಷ್ಟಿದ್ದರೆ, ಯಾವುದಾದರೊಂದು ಬಗೆಯ ಕೊಬ್ಬಿನ ಏರುಪೇರು ಇದ್ದವರು ಶೇ 81.2ರಷ್ಟು. ಒಟ್ಟು ಕೊಲೆಸ್ಟ್ರಾಲ್ ಒಂದನ್ನೇ ಅಳೆಯುವ ಅಗ್ಗದ ಸ್ಟ್ರಿಪ್ ತಂದು ಶಿಬಿರ ಮಾಡಿದರೆ ಇವರಲ್ಲಿ ಬಹಳ ಜನ ಕೈತಪ್ಪಿ ಹೋಗುತ್ತಾರೆ. ಹಣ ಕಡಿಮೆಯಿದ್ದರೆ ಜನರನ್ನು ಕಡಿಮೆ ಮಾಡಿ, ಎಚ್‌ಡಿಎಲ್ ಬಿಡಬೇಡಿ.

ಯಾರ ಬೆರಳಿಗೆ

ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರಲ್ಲಿ ಹೊರಡಿಸಿದ ಮಾರ್ಗಸೂಚಿ 18ನೇ ವಯಸ್ಸಿಗೇ ಎಲ್ಲರೂ ಒಮ್ಮೆ ಕೊಲೆಸ್ಟ್ರಾಲ್ ನೋಡಿಸಿಕೊಳ್ಳಲಿ ಎನ್ನುತ್ತದೆ. ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆದವರಿದ್ದರೆ ಇನ್ನೂ ಮುಂಚೆಯೇ. ವೈಯಕ್ತಿಕವಾಗಿ ಪಾಲಿಸಲು ಇದು ಸರಿಯಾದ ಮಾತು. ನೂರು ಸ್ಟ್ರಿಪ್ ಇರುವ ಶಿಬಿರ ಮಾತ್ರ ಆರಿಸಿಕೊಳ್ಳಲೇಬೇಕು, ಏಕೆಂದರೆ ಲಿಪಿಡ್ ಸ್ಟ್ರಿಪ್‌ನ ಬೆಲೆ ಶುಗರ್ ಸ್ಟ್ರಿಪ್‌ಗಿಂತ ಎಷ್ಟೋ ಪಟ್ಟು ಜಾಸ್ತಿ.

ಅದಕ್ಕೆ ಎರಡು ಮೆಟ್ಟಿಲಿನ ಪದ್ಧತಿ ಒಳ್ಳೆಯದು. ಮೊದಲ ಮೇಜಿನಲ್ಲಿ ವಯಸ್ಸು, ಬೀಡಿ-ಸಿಗರೇಟು, ಬಿಪಿ, ಎತ್ತರ, ತೂಕ, ಸೊಂಟದ ಸುತ್ತಳತೆ, ಬೆರಳಿನ ಶುಗರ್ ಬರೆದುಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರತಂದ ಅಪಾಯದ ಪಟ್ಟಿಗಳಲ್ಲಿ ದಕ್ಷಿಣ ಏಷ್ಯಾದ್ದೂ ಇದೆ. ಅದರಲ್ಲಿ ಒಂದು ರಕ್ತಪರೀಕ್ಷೆಯೇ ಬೇಡದ ಪಟ್ಟಿ, ಕೊಲೆಸ್ಟ್ರಾಲ್ ಬದಲು ದೇಹದ ತೂಕ-ಎತ್ತರದ ಸೂಚ್ಯಂಕ ಹಾಕಿ ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಾಧ್ಯತೆ ಶೇಕಡಾ ಎಷ್ಟು ಎಂದು ಓದಬಹುದು. ಆಶಾ ಕಾರ್ಯಕರ್ತೆಗೆ ಅರ್ಧ ದಿನ ಕೂರಿಸಿ ಕಲಿಸಿದರೆ ಇದು ಬರುತ್ತದೆ. ಶೇ 10 ಅಥವಾ ಮೇಲೆ ಬಂದವರು, ಸಕ್ಕರೆ ಕಾಯಿಲೆ ಇರುವವರು, ತಂದೆಗೋ ಅಣ್ಣ-ತಮ್ಮನಿಗೋ 55ರೊಳಗೆ, ತಾಯಿಗೋ ಅಕ್ಕ-ತಂಗಿಗೋ 65ರೊಳಗೆ ಹೃದಯಾಘಾತ ಆಗಿರುವವರು, ಸೊಂಟ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ದು 40 ವರ್ಷ ಮೀರಿದವರು: ಇವರಿಗೆ ಎರಡನೇ ಮೇಜಿನ ಲಿಪಿಡ್ ಪರೀಕ್ಷೆ. ಸರ್ಕಾರದ ಅಸಾಂಕ್ರಾಮಿಕ ರೋಗ ಕಾರ್ಯಕ್ರಮದಲ್ಲಿ 30 ದಾಟಿದವರ ಬಿಪಿ, ಶುಗರ್ ನೋಡುವ ಏರ್ಪಾಡು ಈಗಾಗಲೇ ಇರುವುದರಿಂದ ಮೊದಲ ಮೇಜಿನ ಮಾಹಿತಿ ಎಷ್ಟೋ ಜನರದ್ದು ಆಶಾ ಅವರ ಬಳಿಯೇ ಇರುತ್ತದೆ. ಅದನ್ನು ಬಳಸಿಕೊಂಡರೆ ಶಿಬಿರದ ದಿನ ಅರ್ಧ ಕೆಲಸ ಮುಗಿದಂತೆ.

ವಯಸ್ಸಿನ ಮಿತಿಯನ್ನು ಪಾಶ್ಚಾತ್ಯರ ಹಾಗೆ 50ಕ್ಕೆ ಇಟ್ಟುಕೊಳ್ಳಬೇಡಿ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರೂ ಭಾಗಿಯಾಗಿದ್ದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಮೊದಲ ಹೃದಯಾಘಾತದ ನಡುವಯಸ್ಸು ದಕ್ಷಿಣ ಏಷ್ಯನ್ನರಲ್ಲಿ 53, ಉಳಿದವರಲ್ಲಿ 58.8 ವರ್ಷ. ಐದಾರು ವರ್ಷ ಮುಂಚೆಯೇ ಬರುವ ಕಾಯಿಲೆಯನ್ನು ಅದಕ್ಕೂ ಹತ್ತು-ಹದಿನೈದು ವರ್ಷ ಮುಂಚೆ ಹುಡುಕಬೇಕು.

ಪರೀಕ್ಷೆ ಮಾಡಬಾರದವರೂ ಇದ್ದಾರೆ. ಬಸುರಿಯರಲ್ಲಿ ಕೊಲೆಸ್ಟ್ರಾಲ್ ತಾನಾಗಿಯೇ ಏರುತ್ತದೆ, ಹೆರಿಗೆಯಾಗಿ ಮೂರು ತಿಂಗಳಾದ ಮೇಲೆ ನೋಡುವುದು ಸರಿ. ಜ್ವರ, ಸೋಂಕು, ಇತ್ತೀಚಿನ ಶಸ್ತ್ರಚಿಕಿತ್ಸೆ ಇದ್ದರೆ ಎಲ್‌ಡಿಎಲ್ ಸುಳ್ಳೇ ಇಳಿದು ಕಾಣುತ್ತದೆ, ಕೆಲವು ವಾರ ಬಿಟ್ಟು ಬರಲಿ. ಎದೆ ಬಿಗಿತ, ದವಡೆಗೋ ಎಡಗೈಗೋ ಹರಿಯುವ ನೋವು, ತಣ್ಣನೆ ಬೆವರು, ನಾಲ್ಕು ಹೆಜ್ಜೆಗೇ ಏದುಸಿರು ಎನ್ನುತ್ತಾ ಬಂದವರನ್ನು ಸಾಲಿನಲ್ಲಿ ನಿಲ್ಲಿಸಲೇಬೇಡಿ. ಅವರಿಗೆ ಬೇಕಾದದ್ದು 108 ಮತ್ತು ಇಸಿಜಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೊಡ್ಡ ಕೇಂದ್ರದ ತಜ್ಞರಿಗೆ ತೋರಿಸಿ, ಹೆಪ್ಪು ಕರಗಿಸುವ ಟೆನೆಕ್ಟಿಪ್ಲೇಸ್ ಚುಚ್ಚುಮದ್ದು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ಹತ್ತಿರದ ಅಂಥ ಆಸ್ಪತ್ರೆಯ ಹೆಸರು, ದಾರಿ ಶಿಬಿರದ ಮೊದಲ ಮೇಜಿನ ಮೇಲೆ ಬರೆದಿಟ್ಟಿರಬೇಕು. ಕೊಲೆಸ್ಟ್ರಾಲ್ ನಾರ್ಮಲ್ ಬಂದ ಮಾತ್ರಕ್ಕೆ ಆ ಹೊತ್ತಿನ ಎದೆನೋವು ಹೃದಯದ್ದಲ್ಲ ಎಂದು ಹೇಳುವ ಹಾಗಿಲ್ಲ.

ಉಪವಾಸ ಬೇಕೇ? ಬೇಡ. ಯುರೋಪಿನ ತಜ್ಞ ಸಂಘಗಳು 2016ರಲ್ಲಿಯೇ ಮೊದಲ ತಪಾಸಣೆಗೆ ಉಪವಾಸ ಬೇಡ ಎಂದವು, ಭಾರತದ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಮಾಮೂಲಿ ಊಟದ ನಂತರ ಟ್ರೈಗ್ಲಿಸರೈಡ್ ಸರಾಸರಿ 26 ಮಿಲಿಗ್ರಾಂ ಏರುತ್ತದೆ, ಎಲ್‌ಡಿಎಲ್ 8 ಇಳಿಯುತ್ತದೆ, ಅಷ್ಟೇ. ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇಟ್ಟುಕೊಂಡು ಬನ್ನಿ ಎಂದರೆ ಕೂಲಿಗೆ ಹೋಗುವವರು ಬರುವುದೇ ಇಲ್ಲ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಾಲಿನಲ್ಲೇ ಶುಗರ್ ಇಳಿದು ತಲೆ ಸುತ್ತುತ್ತದೆ. ಉಪವಾಸದ ಕಟ್ಟು ತೆಗೆದರೆ ತೋಟದ ಲೈನಿನಲ್ಲಿ, ಗಾರ್ಮೆಂಟ್ಸ್ ಗೇಟಿನಲ್ಲಿ, ಬಸ್ ಡಿಪೊದಲ್ಲಿ ಸಂಜೆ ಹೊತ್ತು ಶಿಬಿರ ಇಡಬಹುದು. ಹಗಲು ಶಿಬಿರಕ್ಕೆ ಎಂದೂ ಬಾರದ ಗಂಡಸರು ಸಿಗುವುದು ಅಲ್ಲಿ. ಹಬ್ಬದೂಟ, ಮದುವೆ ಊಟದ ಮರುದಿನ ಮಾತ್ರ ಇಡಬೇಡಿ. ಟ್ರೈಗ್ಲಿಸರೈಡ್ 400 ದಾಟಿದವರನ್ನು ಆಮೇಲೆ ಉಪವಾಸದಲ್ಲಿ ಕರೆದರೆ ಸಾಕು.

ಚುಚ್ಚುವ ಕೈ

ಶಿಬಿರದಲ್ಲಿ ಹೆಚ್ಚು ತಪ್ಪಾಗುವುದು ಇಲ್ಲಿ. ಶುಗರ್ ನೋಡಿ ಅಭ್ಯಾಸವಿರುವವರು ಅದೇ ಕೈಯಲ್ಲಿ ಕೊಲೆಸ್ಟ್ರಾಲ್ ನೋಡಲು ಹೋಗುತ್ತಾರೆ. ಶುಗರ್ ಸ್ಟ್ರಿಪ್‌ಗೆ ಒಂದು ಮೈಕ್ರೋಲೀಟರ್ ಆಸುಪಾಸಿನ ರಕ್ತ ಸಾಕು. ಪೂರ್ತಿ ಲಿಪಿಡ್ ಪರೀಕ್ಷೆಗೆ 35ರಿಂದ 40 ಮೈಕ್ರೋಲೀಟರ್ ಬೇಕು. ಶುಗರ್ ಲ್ಯಾನ್ಸೆಟ್‌ನ ಕೂದಲೆಳೆ ಸೂಜಿಯಿಂದ ಅಷ್ಟು ರಕ್ತ ಹರಿಯದು. ಆಗ ಬೆರಳನ್ನು ನಿಂಬೆಹಣ್ಣಿನ ಹಾಗೆ ಹಿಂಡುತ್ತಾರೆ. ಹಿಂಡಿದಾಗ ರಕ್ತದ ಜೊತೆ ಅಂಗಾಂಶದ ನೀರೂ ಬಂದು ಬೆರೆಯುತ್ತದೆ, ಕೆಂಪು ಕಣಗಳು ಒಡೆಯುತ್ತವೆ. ಯಂತ್ರ ತಪ್ಪು ತೋರಿಸದೆ ಇನ್ನೇನು ಮಾಡೀತು? ಸುಮಾರು 2 ಮಿಲಿಮೀಟರ್ ಆಳ ಹೋಗುವ, ಒಮ್ಮೆ ಒತ್ತಿದರೆ ಸೂಜಿ ತಾನೇ ಒಳಗೆ ಸರಿಯುವ ಸೇಫ್ಟಿ ಲ್ಯಾನ್ಸೆಟ್ ಬೇರೆಯೇ ತರಿಸಬೇಕು.

ಬಂದವರನ್ನು ಮೊದಲು ಐದು ನಿಮಿಷ ಕುರ್ಚಿಯಲ್ಲಿ ಕೂರಿಸಿ. ಮಲಗಿದ್ದಾಗ, ಕೂತಾಗ, ನಿಂತಾಗ ರಕ್ತದಲ್ಲಿನ ನೀರಿನಂಶ ಬದಲಾಗಿ ಕೊಲೆಸ್ಟ್ರಾಲ್ ಶೇ 10ರವರೆಗೆ ಏರುಪೇರಾಗಬಹುದು. ಹಾಗಾಗಿ ಎಲ್ಲರನ್ನೂ ಒಂದೇ ಭಂಗಿಯಲ್ಲಿ ನೋಡಬೇಕು. ಕೈಯನ್ನು ಸೋಪು, ಬೆಚ್ಚಗಿನ ನೀರಿನಲ್ಲಿ ತೊಳೆಸಿ ಪೂರ್ತಿ ಒರೆಸಿ. ಸ್ಯಾನಿಟೈಸರ್ ಒಂದೇ ಸಾಕೆನ್ನಬೇಡಿ. ಎಷ್ಟೋ ಸ್ಯಾನಿಟೈಸರ್, ಕ್ರೀಮುಗಳಲ್ಲಿ ಗ್ಲಿಸರಿನ್ ಇರುತ್ತದೆ, ಟ್ರೈಗ್ಲಿಸರೈಡ್ ಅಳೆಯುವ ರಾಸಾಯನಿಕ ಕ್ರಿಯೆ ಹಿಡಿಯುವುದೂ ಗ್ಲಿಸರಿನ್ ಅನ್ನೇ. ಬೆರಳ ಮೇಲೆ ಚೂರು ಅಂಟಿದ್ದರೂ ಟ್ರೈಗ್ಲಿಸರೈಡ್ ಸುಳ್ಳೇ ಮೇಲೆ ಹೋಗುತ್ತದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದ ಮೇಲೆ ಅದು ಆರುವವರೆಗೆ ಕಾಯಿರಿ.

ಚುಚ್ಚಬೇಕಾದದ್ದು ನಡುಬೆರಳು ಅಥವಾ ಉಂಗುರ ಬೆರಳಿನ ತುದಿಯ ಪಕ್ಕಕ್ಕೆ, ನಟ್ಟನಡುವೆ ಅಲ್ಲ. ಹೆಚ್ಚು ಕೆಲಸ ಮಾಡದ ಕೈ ಆದರೆ ಚರ್ಮ ಮೆತ್ತಗಿರುತ್ತದೆ. ಕೈಯನ್ನು ಎದೆಗಿಂತ ಕೆಳಗೆ ಇಳಿಬಿಡಿಸಿ, ಅಂಗೈಯಿಂದ ಬೆರಳ ಕಡೆಗೆ ಮೆಲ್ಲಗೆ ನೀವಿ, ಆಮೇಲೆ ಚುಚ್ಚಿ. ಮೊದಲ ಹನಿಯನ್ನು ಒಣ ಹತ್ತಿಯಿಂದ ಒರೆಸಿಬಿಡಿ. ಎರಡನೇ ಹನಿ ದುಂಡಗೆ ನಿಂತಾಗ ರಕ್ತ ತಾನಾಗಿ ಏರುವ ಸಣ್ಣ ಕ್ಯಾಪಿಲರಿ ನಳಿಕೆಯ ತುದಿಯನ್ನು ಹನಿಗೆ ಮಾತ್ರ ತಾಗಿಸಿ, ಚರ್ಮಕ್ಕಲ್ಲ. ನಳಿಕೆ ಅಡ್ಡಲಾಗಿರಲಿ, ಹತ್ತು ಸೆಕೆಂಡಿನೊಳಗೆ ಗುರುತಿನವರೆಗೆ ತಾನಾಗಿ ತುಂಬಬೇಕು. ನಡುವೆ ಗಾಳಿಗುಳ್ಳೆ ಬಂದರೆ ಆ ನಳಿಕೆ ಬಿಸಾಡಿ, ಹೊಸ ನಳಿಕೆಯಲ್ಲಿ ಮತ್ತೆ ತುಂಬಿ. ಗುಳ್ಳೆಯಿದ್ದದ್ದನ್ನೇ ಹಾಕಿದರೆ ರಕ್ತ ಕಡಿಮೆಬಿದ್ದು ಸಂಖ್ಯೆ ತಪ್ಪುತ್ತದೆ. ತುಂಬಿದ ತಕ್ಷಣ ಸ್ಟ್ರಿಪ್ಪಿಗೆ ಹಾಕಬೇಕು. ಪಕ್ಕದವರ ಹತ್ತಿರ ಮಾತಾಡುತ್ತ ನಿಂತರೆ ನಳಿಕೆಯಲ್ಲೇ ಹೆಪ್ಪುಗಟ್ಟುತ್ತದೆ.

ಲ್ಯಾನ್ಸೆಟ್ ಒಬ್ಬರಿಗೆ ಒಂದೇ. ಪೆನ್ನಿನಂಥ ಸಾಧನದಲ್ಲಿ ಸೂಜಿ ಮಾತ್ರ ಬದಲಿಸಿ ಹತ್ತು ಜನರಿಗೆ ಬಳಸುವುದೂ ಬೇಡ, ಪೆನ್ನಿನ ಬಾಯಿಗೆ ರಕ್ತ ಅಂಟಿದರೆ ಹೆಪಟೈಟಿಸ್ ಬಿ ಹರಡಲು ಅಷ್ಟು ಸಾಕು. ಬಳಸಿದ ಲ್ಯಾನ್ಸೆಟ್ ಚುಚ್ಚಿಹೋಗದ ಬಿಳಿ ಡಬ್ಬಕ್ಕೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಕೈಗವಸು ಕೆಂಪು ಚೀಲಕ್ಕೆ. ಸಂಜೆ ಅವನ್ನು ಒಯ್ಯುವ ಆಸ್ಪತ್ರೆ ಯಾವುದೆಂದು ಬೆಳಗ್ಗೆಯೇ ಗೊತ್ತಿರಲಿ. ಶಾಲೆಯ ಆವರಣದಲ್ಲಿ ಶಿಬಿರವಾದರೆ ಇದು ಇನ್ನೂ ಮುಖ್ಯ, ಮರುದಿನ ಅಲ್ಲಿ ಆಡುವುದು ಮಕ್ಕಳು.

ಯಂತ್ರದ ಮಾತನ್ನು ಎಷ್ಟು ನಂಬಬೇಕು

ಬಹುತೇಕ ಸ್ಟ್ರಿಪ್‌ಗಳನ್ನು 20ರಿಂದ 30 ಡಿಗ್ರಿ ಉಷ್ಣತೆಯೊಳಗೆ ಇಡಬೇಕು. ಕೆಲವು ಕ್ಯಾಸೆಟ್‌ಗಳು ಫ್ರಿಜ್ಜಿನಲ್ಲಿರಬೇಕು, ಬಳಸುವ ಮುನ್ನ ಹತ್ತು ನಿಮಿಷವಾದರೂ ಹೊರಗಿಟ್ಟು ತಣುವು ಬಿಡಿಸಬೇಕು. ಏಪ್ರಿಲ್‌ನಲ್ಲಿ ರಾಯಚೂರು, ಕಲಬುರಗಿಯ ಬಯಲು ಶಾಮಿಯಾನದಡಿ 40 ಡಿಗ್ರಿ ದಾಟುತ್ತದೆ. ನಿಲ್ಲಿಸಿದ ಕಾರಿನೊಳಗೆ ಇನ್ನೂ ಹೆಚ್ಚು. ಆ ಬಿಸಿಯಲ್ಲಿ ಇಟ್ಟ ಸ್ಟ್ರಿಪ್ ನೋಡಲು ಹೊಸದಾಗಿಯೇ ಇರುತ್ತದೆ, ಒಳಗಿನ ಕಿಣ್ವ ಸತ್ತಿರುತ್ತದೆ. ಆ ಕಡೆ ಬೇಸಿಗೆ ಶಿಬಿರವನ್ನು ಕಟ್ಟಡದೊಳಗೆ, ಬೆಳಗ್ಗೆ ಹತ್ತರೊಳಗೆ ಮುಗಿಸಬೇಕು.

ಬೆಳಗ್ಗೆ ಮೊದಲ ರೋಗಿಗಿಂತ ಮುಂಚೆ ಕಂಟ್ರೋಲ್ ದ್ರವ, ಅಂದರೆ ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ದ್ರವ, ಹಾಕಿ ನೋಡಬೇಕು. ಕಡಿಮೆ ಮಟ್ಟದ್ದು ಒಂದು, ಹೆಚ್ಚು ಮಟ್ಟದ್ದು ಒಂದು. ಬಾಟಲಿಯ ಮೇಲೆ ಬರೆದ ವ್ಯಾಪ್ತಿಯೊಳಗೆ ಎರಡೂ ಬರದಿದ್ದರೆ ಆ ಯಂತ್ರ ಆ ದಿನ ಕೆಲಸ ಮಾಡಬಾರದು. ಸ್ಟ್ರಿಪ್‌ನ ಹೊಸ ಡಬ್ಬಿ ಬೇರೆ ಲಾಟ್‌ನದಾದರೆ ಮತ್ತೆ ನೋಡಬೇಕು, ಕೋಡ್ ಚಿಪ್ ಇರುವ ಯಂತ್ರವಾದರೆ ಅದನ್ನೂ ಬದಲಿಸಬೇಕು. ರಕ್ತಹೀನತೆ ತೀವ್ರವಾಗಿರುವ ಹೆಂಗಸರಲ್ಲಿ ಇಂಥ ಯಂತ್ರಗಳ ಓದು ತಪ್ಪಬಹುದು. ವಿಟಮಿನ್ ಸಿ ಮಾತ್ರೆ ದೊಡ್ಡ ಪ್ರಮಾಣದಲ್ಲಿ ನುಂಗುವವರಲ್ಲಿ ಸಂಖ್ಯೆ ಕಡಿಮೆ ಬರಬಹುದು.

ಎಲ್ಲ ಸರಿಯಾಗಿ ಮಾಡಿದರೂ ಒಂದಿಷ್ಟು ಅಂತರ ಇದ್ದೇ ಇರುತ್ತದೆ. ಒಟ್ಟು ಕೊಲೆಸ್ಟ್ರಾಲ್ ಅಳತೆಗೆ ಅಮೆರಿಕದ ರಾಷ್ಟ್ರೀಯ ಕೊಲೆಸ್ಟ್ರಾಲ್ ಶಿಕ್ಷಣ ಕಾರ್ಯಕ್ರಮ ಒಪ್ಪಿಕೊಂಡ ಗರಿಷ್ಠ ತಪ್ಪು ಶೇ 8.9. ಅಂದರೆ ನಿಜವಾಗಿ 200 ಇರುವವರಿಗೆ ಯಂತ್ರ 182 ತೋರಿಸಿದರೂ 218 ತೋರಿಸಿದರೂ ಅದನ್ನು ಒಪ್ಪತಕ್ಕ ಯಂತ್ರವೆಂದೇ ಕರೆಯುತ್ತಾರೆ. ಇದರ ಮೇಲೆ ಒಬ್ಬರದೇ ಕೊಲೆಸ್ಟ್ರಾಲ್ ದಿನದಿಂದ ದಿನಕ್ಕೆ ಶೇ 6ರಷ್ಟು, ಟ್ರೈಗ್ಲಿಸರೈಡ್ ಶೇ 20ರಷ್ಟು ತಾನಾಗಿಯೇ ಹೊಯ್ದಾಡುತ್ತದೆ. ಆದ್ದರಿಂದ ಶಿಬಿರದ ಒಂದು ಓದಿನ ಮೇಲೆ ಯಾರಿಗೂ ಮಾತ್ರೆ ಶುರು ಮಾಡಬಾರದು, ಯಾರ ಮಾತ್ರೆಯನ್ನೂ ನಿಲ್ಲಿಸಬಾರದು. ಗಡಿಯ ಆಚೆ ಬಂದವರಿಗೆಲ್ಲ ಕೆಲವು ವಾರದೊಳಗೆ ತೋಳಿನ ರಕ್ತ ತೆಗೆದು ಲ್ಯಾಬಿನಲ್ಲಿ ಮತ್ತೊಮ್ಮೆ ನೋಡಬೇಕು.

ಸಮಯದ ಲೆಕ್ಕ ಬಹಳ ಜನ ಹಾಕುವುದಿಲ್ಲ. ಒಂದು ಪರೀಕ್ಷೆಗೆ ಯಂತ್ರ ಎರಡರಿಂದ ಐದು ನಿಮಿಷ ತೆಗೆದುಕೊಳ್ಳುತ್ತದೆ, ಕೂರಿಸಿ ಚುಚ್ಚಿ ಬರೆದುಕೊಳ್ಳುವುದು ಸೇರಿದರೆ ಗಂಟೆಗೆ ಎಂಟು-ಹತ್ತು ಜನ. ನಾಲ್ಕು ಗಂಟೆಯಲ್ಲಿ ಇನ್ನೂರು ಜನ ಎಂದರೆ ಐದು ಯಂತ್ರ ಬೇಕು. ಒಂದೇ ಯಂತ್ರವಿದ್ದು ಜನ ಹೆಚ್ಚಿದ್ದರೆ ತೋಳಿನಿಂದ 3 ಮಿಲಿಲೀಟರ್ ರಕ್ತ ಹಳದಿ ಮುಚ್ಚಳದ ಜೆಲ್ ಟ್ಯೂಬಿಗೆ ತೆಗೆದು ಲ್ಯಾಬಿಗೆ ಕಳಿಸುವುದೇ ಮೇಲು. ಟ್ಯೂಬನ್ನು ಮೆಲ್ಲಗೆ ಐದಾರು ಸಲ ಬುಡಮೇಲು ಮಾಡಿ, ಅಲ್ಲಾಡಿಸಬೇಡಿ. ಅರ್ಧ ಗಂಟೆ ನೆಟ್ಟಗೆ ನಿಲ್ಲಿಸಿ ಹೆಪ್ಪುಗಟ್ಟಿಸಿ, ಎರಡು ಗಂಟೆಯೊಳಗೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಗಿರಗಿರ ತಿರುಗಿಸಿ ರಕ್ತದ ತಿಳಿಯಾದ ಸೀರಮ್ ಬೇರ್ಪಡಿಸಿ. ಸೀರಮ್ ಬೇರ್ಪಡುವ ಮೊದಲೇ ಐಸ್ ಪ್ಯಾಕಿಗೆ ತಾಗಿಸಿ ಒಯ್ದರೆ ಕಣಗಳು ಒಡೆದು ಮಾದರಿ ಹಾಳಾಗುತ್ತದೆ. ಈ ದಾರಿಯಲ್ಲಿ ಫಲಿತಾಂಶ ಎರಡು ದಿನ ತಡವಾಗುತ್ತದೆ ನಿಜ. ಆದರೆ ಫಲಿತಾಂಶ ಕೊಡುವ ನೆಪದಲ್ಲಿ ಆಶಾ ಇನ್ನೊಮ್ಮೆ ಮನೆಗೆ ಹೋಗುವಂತಾಗುತ್ತದೆ, ಅದು ಲಾಭವೇ.

ಚೀಟಿ ಕೈಗೆ ಕೊಡುವಾಗ

ಮೈಕಿನಲ್ಲಿ ಹೆಸರು ಕೂಗಿ ‘ನಿಮ್ಮದು ಇನ್ನೂರ ಎಪ್ಪತ್ತು’ ಎನ್ನುವುದನ್ನು ಮೊದಲು ನಿಲ್ಲಿಸಬೇಕು. ಪರದೆ ಕಟ್ಟಿದ ಒಂದು ಮೂಲೆ, ಎರಡು ಕುರ್ಚಿ, ಒಬ್ಬರಿಗೆ ಐದು ನಿಮಿಷ. ಅಲ್ಲಿ ಕೂರುವವರು ಸಂಖ್ಯೆಯನ್ನು ಬಿಡಿಯಾಗಿ ಹೇಳದೆ ವಯಸ್ಸು, ಬಿಪಿ, ಶುಗರ್, ತಂಬಾಕಿನ ಜೊತೆ ಸೇರಿಸಿ ಹೇಳಬೇಕು. ಮೂವತ್ತೆರಡರ, ಬೀಡಿ ಸೇದದ, ಬಿಪಿ ಇಲ್ಲದ ಹೆಣ್ಣುಮಗಳ ಎಲ್‌ಡಿಎಲ್ 140 ಮತ್ತು ಐವತ್ತೆಂಟರ, ದಿನಕ್ಕೆ ಒಂದು ಕಟ್ಟು ಬೀಡಿ ಸೇದುವ, ಸಕ್ಕರೆ ಕಾಯಿಲೆಯ ಗಂಡಸಿನ ಎಲ್‌ಡಿಎಲ್ 140 ಒಂದೇ ಅಲ್ಲ. ಮೊದಲನೆಯವರಿಗೆ ಊಟದ ಮಾತು ಮತ್ತು ಮರುಪರೀಕ್ಷೆ ಸಾಕು. ಎರಡನೆಯವರು ಆ ವಾರದಲ್ಲೇ ವೈದ್ಯರ ಮುಂದೆ ಕೂರಬೇಕು.

ಭಾರತದ ಮಾರ್ಗಸೂಚಿಯ ಗುರಿಗಳು ಹೀಗಿವೆ. ಅಪಾಯ ಕಡಿಮೆ ಅಥವಾ ಮಧ್ಯಮ ಇರುವವರಿಗೆ ಎಲ್‌ಡಿಎಲ್ 100ರೊಳಗೆ, ನಾನ್-ಎಚ್‌ಡಿಎಲ್ 130ರೊಳಗೆ. ಅಪಾಯ ಹೆಚ್ಚಿರುವವರಿಗೆ 70 ಮತ್ತು 100. ಆಗಲೇ ಹೃದಯಾಘಾತ, ಪಾರ್ಶ್ವವಾಯು ಆದವರಂಥ ಅತಿ ಹೆಚ್ಚು ಅಪಾಯದವರಿಗೆ 55 ಮತ್ತು 85. ಆಂಜಿಯೋಪ್ಲ್ಯಾಸ್ಟಿ ಆದವರು ಶಿಬಿರಕ್ಕೆ ಬಂದು ಎಲ್‌ಡಿಎಲ್ 95 ನೋಡಿ ಖುಷಿಪಟ್ಟು ಹೋಗುವುದುಂಟು. ಅವರ ಗುರಿ ಬೇರೆ ಎಂದು ಹೇಳುವವರು ಅಲ್ಲಿರಬೇಕು.

ತಡಮಾಡದೆ ಕಳಿಸಬೇಕಾದವರು ಎಲ್‌ಡಿಎಲ್ 190 ದಾಟಿದವರು ಮತ್ತು ಟ್ರೈಗ್ಲಿಸರೈಡ್ 500 ದಾಟಿದವರು. ಎರಡನೆಯವರಿಗೆ ಹೃದಯಕ್ಕಿಂತ ಮೊದಲು ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಅಪಾಯವಿದೆ. ಅವರಿಗೆ ಮದ್ಯ ಪೂರ್ತಿ ಬಿಡಿಸಿ, ಶುಗರ್ ನೋಡಿಸಬೇಕು. ಎಲ್‌ಡಿಎಲ್ ಬಹಳ ಹೆಚ್ಚಿದ್ದವರಲ್ಲಿ ಥೈರಾಯ್ಡ್ ಕಡಿಮೆ ಇದೆಯೇ ಎಂದೂ ನೋಡಬೇಕು. ಥೈರಾಯ್ಡ್ ಸರಿಹೋದರೆ ಕೊಲೆಸ್ಟ್ರಾಲ್ ಅರ್ಧಕ್ಕರ್ಧ ತಾನೇ ಸರಿಯಾಗುವವರಿದ್ದಾರೆ. ಎಲ್ಲ ಚೆನ್ನಾಗಿದ್ದು ಅಪಾಯವೂ ಕಡಿಮೆ ಇದ್ದವರಿಗೆ ಇನ್ನು ಐದು ವರ್ಷ ಬಿಟ್ಟು ಬನ್ನಿ ಎಂದು ಧೈರ್ಯವಾಗಿ ಹೇಳಬಹುದು. ಬಂದವರಿಗೆಲ್ಲ ‘ಒಂದ್ಸಲ ಆಂಜಿಯೋಗ್ರಾಂ ಮಾಡಿಸಿಬಿಡಿ’ ಎಂದು ಹೆದರಿಸಿ ಕಳಿಸುವ ಶಿಬಿರಗಳೂ ಇವೆ. ಅವು ಊರಿನ ನಂಬಿಕೆ ಕೆಡಿಸುತ್ತವೆ, ಮುಂದಿನ ನಿಜವಾದ ತಪಾಸಣೆಗೆ ಜನ ಬಾಗಿಲು ತೆರೆಯುವುದಿಲ್ಲ.

ಊಟದ ಬಗ್ಗೆ ಐದು ನಿಮಿಷದಲ್ಲಿ ಹೇಳಬೇಕಾದದ್ದು ಎಣ್ಣೆಯ ವಿಷಯವೊಂದನ್ನೇ. ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಬರುತ್ತದೆ, ಯಾವ ಎಣ್ಣೆ, ಎಷ್ಟು ಜನ? ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಆಸುಪಾಸಿನಲ್ಲಿದ್ದರೆ ಸಾಕು. ಕೊಬ್ಬರಿ ಎಣ್ಣೆಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಹತ್ತಿರಹತ್ತಿರ ಶೇ 90, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು, ಶೇಂಗಾ ಎಣ್ಣೆಯಲ್ಲಿ ಐದನೇ ಒಂದು ಭಾಗದ ಸುಮಾರು. ಕರಾವಳಿಯ ಅಡುಗೆಯಿಂದ ತೆಂಗನ್ನು ತೆಗೆಯಿರಿ ಎಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಒಗ್ಗರಣೆ, ಕರಿಯುವುದು ಬೇರೆ ಎಣ್ಣೆಗೆ ಬದಲಾಗಲಿ, ಕಾಯಿ ತುರಿ ಮಿತಿಯಲ್ಲಿರಲಿ ಎಂದರೆ ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. ಫಿನ್ಲೆಂಡಿನ ನಾರ್ತ್ ಕರೇಲಿಯಾ ಪ್ರಾಂತ್ಯದಲ್ಲಿ 1972ರಿಂದ ಬೆಣ್ಣೆ ಬಿಡಿಸಿ ಎಣ್ಣೆ ರೂಢಿಸಿದ್ದು ಹೀಗೆ ಮನೆಮನೆಯ ಮಾತಿನಿಂದಲೇ. ಅಲ್ಲಿ ಊರುಗಳ ನಡುವೆ ಕೊಲೆಸ್ಟ್ರಾಲ್ ಇಳಿಸುವ ಪಂದ್ಯಗಳೇ ನಡೆದವು, ನಾಲ್ಕು ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ನಮ್ಮಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿರುವವರಿಗೆ ಎಣ್ಣೆಗಿಂತ ತಟ್ಟೆಯ ತುಂಬ ಬಿಳಿ ಅನ್ನ, ಸಕ್ಕರೆ ಕಾಫಿ-ಟೀ ಮತ್ತು ಮದ್ಯವೇ ದೊಡ್ಡ ವಿಷಯ.

ಒಬ್ಬರು ಸಿಕ್ಕರೆ ಮನೆಮಂದಿಯನ್ನೆಲ್ಲ ನೋಡಬೇಕಾದ ಸಂದರ್ಭ

ಎಲ್‌ಡಿಎಲ್ 190 ದಾಟಿದವರು ಸಿಕ್ಕಾಗ ಅವರ ಹಿಮ್ಮಡಿಯ ಮೇಲಿನ ಹುರಿಯಂಥ ಸ್ನಾಯುರಜ್ಜುವನ್ನು ಮುಟ್ಟಿ ನೋಡಿ, ಬೆರಳ ಗೆಣ್ಣುಗಳನ್ನು ನೋಡಿ. ಅಲ್ಲಿ ದಪ್ಪ, ಗಂಟು ಕಂಡರೆ, ಅಥವಾ 45 ತುಂಬುವ ಮೊದಲೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಉಂಗುರ ಇದ್ದರೆ ಅದು ಹುಟ್ಟಿನಿಂದ ಬಂದ ಕೌಟುಂಬಿಕ ಕೊಲೆಸ್ಟ್ರಾಲ್ ಇರಬಹುದು. ಸುಮಾರು 250-300 ಜನರಿಗೆ ಒಬ್ಬರಲ್ಲಿ ಇದು ಇರುತ್ತದೆ. ಯಕೃತ್ತು ಎಲ್‌ಡಿಎಲ್ ಅನ್ನು ರಕ್ತದಿಂದ ಹಿಡಿದು ತೆಗೆಯುವ ಗ್ರಾಹಿಗಳು ಇವರಲ್ಲಿ ಅರ್ಧಕ್ಕೆ ಇಳಿದಿರುತ್ತವೆ. ಈ ಗ್ರಾಹಿಗಳನ್ನು ಕಂಡುಹಿಡಿದ ಗೋಲ್ಡ್‌ಸ್ಟೀನ್ ಮತ್ತು ಬ್ರೌನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಊಟ ಎಷ್ಟು ಕಟ್ಟುನಿಟ್ಟು ಮಾಡಿದರೂ ಇದು ಗುರಿಗೆ ಇಳಿಯುವುದಿಲ್ಲ, ಮಾತ್ರೆ ಬೇಕೇ ಬೇಕು. ‘ನೀನು ತಿನ್ನೋದು ಜಾಸ್ತಿ’ ಎಂದು ಅವರನ್ನು ಮನೆಯಲ್ಲಿ ಬೈದಿದ್ದರೆ ಅದು ಅನ್ಯಾಯ.

ಇವರ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಪ್ರತಿ ಇಬ್ಬರಿಗೆ ಒಬ್ಬರಲ್ಲಿ ಇದಿರುವ ಸಾಧ್ಯತೆ. ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇರುವುದರಿಂದ ಮತ್ತೊಂದು ಅಪಾಯವಿದೆ. ಗಂಡ-ಹೆಂಡತಿ ಇಬ್ಬರಲ್ಲೂ ಅದೇ ದೋಷವಿದ್ದು ಮಗುವಿಗೆ ಎರಡು ಕಡೆಯಿಂದಲೂ ಬಂದರೆ ಎಲ್‌ಡಿಎಲ್ 400-500 ದಾಟುತ್ತದೆ, ಮೊಣಕಾಲು-ಮೊಣಕೈ ಮೇಲೆ ಹಳದಿ ಗಂಟುಗಳು ಏಳುತ್ತವೆ, ಚಿಕಿತ್ಸೆ ಸಿಗದಿದ್ದರೆ ಇಪ್ಪತ್ತು ತುಂಬುವ ಮೊದಲೇ ಹೃದಯಾಘಾತವಾಗಬಹುದು. ಚರ್ಮದ ಡಾಕ್ಟರ ಬಳಿ ಗಂಟು ತೆಗೆಸಲು ಹೋಗಿ ಅಲ್ಲಿಗೇ ಬಿಡುವವರೂ ಇದ್ದಾರೆ. ಇಂಥ ಒಂದು ಮನೆ ಸಿಕ್ಕರೆ ಇಡೀ ಶಿಬಿರದ ಖರ್ಚು ಸಾರ್ಥಕ.

ಮೂರನೇ ತಿಂಗಳು

ಸ್ಟ್ಯಾಟಿನ್ ಬಗ್ಗೆ ಜನರಲ್ಲಿ ಹೆದರಿಕೆ ಬಹಳ. ಎಲ್‌ಡಿಎಲ್ 39 ಮಿಲಿಗ್ರಾಂ ಇಳಿದಷ್ಟಕ್ಕೂ ಹೃದಯಾಘಾತ, ಪಾರ್ಶ್ವವಾಯುಗಳಂಥ ದೊಡ್ಡ ಅನಾಹುತಗಳು ಐದನೇ ಒಂದು ಭಾಗ ಕಡಿಮೆಯಾಗುತ್ತವೆ ಎಂಬುದು ಲಕ್ಷಾಂತರ ಜನರ ಮೇಲಿನ ಪ್ರಯೋಗಗಳಿಂದ ಗಟ್ಟಿಯಾದ ಮಾತು. ಕೆಲವರಿಗೆ ಮೈಕೈ ನೋವು ಬರುವುದು ನಿಜ. ಆಗ ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು. ಮೂತ್ರ ಕಪ್ಪಾಗಿ ಸ್ನಾಯು ವಿಪರೀತ ನೋವಾದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಾಣಬೇಕು, ಅದು ಬಹಳ ಅಪರೂಪ. ಬಸುರಾಗಲು ಯೋಚಿಸುತ್ತಿರುವವರು ಮೊದಲೇ ವೈದ್ಯರಿಗೆ ಹೇಳಬೇಕು.

ಹೆಚ್ಚು ಜನ ಮಾತ್ರೆ ಬಿಡುವುದು ಅಡ್ಡಪರಿಣಾಮಕ್ಕಲ್ಲ. ಮರುಪರೀಕ್ಷೆಯಲ್ಲಿ ಸಂಖ್ಯೆ ಇಳಿದದ್ದು ನೋಡಿ ‘ಗುಣವಾಯ್ತಲ್ಲ’ ಎಂದು ಬಿಡುತ್ತಾರೆ. ಆಗ ಆಶಾ ಹೇಳಬೇಕಾದ ಮಾತು ಇಷ್ಟೇ: “ಅಣ್ಣಾ, ನಂಬರ್ ಇಳಿದಿರೋದು ಮಾತ್ರೆ ತಗೊಂಡಿದ್ದಕ್ಕೇ. ಬಿಟ್ರೆ ಒಂದೆರಡು ತಿಂಗಳಲ್ಲಿ ಮತ್ತೆ ಮೊದಲಿನ ಜಾಗಕ್ಕೇ ಬರುತ್ತೆ. ಡಾಕ್ಟ್ರನ್ನ ಕೇಳ್ದೆ ಬಿಡಬೇಡಿ.”

ಇದಕ್ಕಾಗಿ ಶಿಬಿರದ ದಿನವೇ ಒಂದು ರಿಜಿಸ್ಟರ್ ತೆರೆಯಬೇಕು. ಹೆಸರು, ಫೋನ್, ಮನೆಯಲ್ಲಿ ವಿಚಾರಿಸುವ ಇನ್ನೊಬ್ಬರ ಫೋನ್, ನಾಲ್ಕು ಸಂಖ್ಯೆ, ಅಪಾಯದ ಶೇಕಡಾ, ಕಳಿಸಿದ ಕೇಂದ್ರ, ಹೋದ ತಾರೀಕು, ಲ್ಯಾಬಿನ ಮರುಪರೀಕ್ಷೆ, ಶುರುವಾದ ಮಾತ್ರೆ, ಆರರಿಂದ ಹನ್ನೆರಡು ವಾರದೊಳಗಿನ ಮುಂದಿನ ಪರೀಕ್ಷೆಯ ಸಂಖ್ಯೆ. ಮಾಹಿತಿ ಬರೆದುಕೊಳ್ಳುವ ಮೊದಲು ಅವರ ಒಪ್ಪಿಗೆ ಕೇಳಿ, ರಿಜಿಸ್ಟರ್ ಆರೋಗ್ಯ ಕೇಂದ್ರದಲ್ಲಿರಲಿ, ಸಂಘದ ವಾಟ್ಸ್ಆ್ಯಪ್ ಗುಂಪಿಗೆ ಹೋಗಕೂಡದು. ‘ಹೋದ ತಾರೀಕು’ ಎಂಬ ಅಂಕಣ ಹತ್ತು ದಿನವಾದರೂ ಖಾಲಿ ಇದ್ದರೆ ಫೋನ್ ಮಾಡಬೇಕು, ಇನ್ನೊಂದು ವಾರಕ್ಕೂ ತುಂಬದಿದ್ದರೆ ಮನೆಗೆ ಹೋಗಬೇಕು. ಬಸ್ಸಿಲ್ಲ, ಕೂಲಿ ತಪ್ಪುತ್ತದೆ, ಹೋದಾಗ ಡಾಕ್ಟರಿರಲಿಲ್ಲ ಎಂಬ ಕಾರಣಗಳು ಸಿಗುತ್ತವೆ. ಪ್ರತಿಯೊಂದನ್ನೂ ಬರೆದುಕೊಂಡು ವೈದ್ಯಾಧಿಕಾರಿಗೆ ಹೇಳಿದರೆ, ಸಂತೆಯ ದಿನ ಸಂಜೆ ಒಂದು ಗಂಟೆ ಕ್ಲಿನಿಕ್ ತೆರೆದಿಡುವಷ್ಟು ಬದಲಾವಣೆಯಾದರೂ ಸಾಧ್ಯ. ಮೂರನೇ ತಿಂಗಳ ಕೊನೆಗೆ ಆ ಅಂಕಣಗಳನ್ನು ಎಣಿಸಿ, ಮುಂದಿನ ಶಿಬಿರಕ್ಕೆ ಎಷ್ಟು ಸ್ಟ್ರಿಪ್ ತರಿಸಬೇಕೆಂದು ನಿರ್ಧರಿಸಿ. ನಲವತ್ತರಲ್ಲಿ ಹತ್ತು ಜನರನ್ನಷ್ಟೇ ಕೊನೆಯವರೆಗೆ ಕರೆದೊಯ್ಯಲು ಆಗಿದ್ದರೆ ಮುಂದಿನ ಸಲ ಐವತ್ತು ಜನರನ್ನು ನೋಡಿದರೆ ಸಾಕು, ಉಳಿದ ಹಣ ಆಶಾ ಅವರ ಓಡಾಟಕ್ಕೆ ಕೊಡಿ.